ಮಡಚಿ ಹೊಲಿದ ತೋಳು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮ ಅಂದರೆ ಭಾರೀ ಏನಲ್ಲ. ಎರಡು ಗುಡಿಸಲು, ಒಂದು ಬೇವಿನ ಮರ, ನೀರಿಗಿಳಿಯಲು ನಾಲ್ಕು ಕಲ್ಲು, ಅಷ್ಟೇ. ಅಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಅವರಿಗೆ ಈರಸಂಗ ಎಂಬ ಶಿಷ್ಯನಿದ್ದ.

ಈರಸಂಗ ಎಲ್ಲವನ್ನೂ ಬಿಟ್ಟು ಬಂದವನು. ಬಿಟ್ಟು ಬಂದೆ ಅನ್ನುವ ಮಾತೊಂದನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅವನ ಊರಿನ ಎಣ್ಣೆ ವ್ಯಾಪಾರಿಯೊಬ್ಬ ಬಂದು, ಅಜ್ಜನ ಕಾಲಿಗೆ ಬಿದ್ದು, ಒಂದು ಬಟ್ಟೆಗಂಟು ಇಳಿಸಿ ಹೋದ.

ಗಂಟಿನಲ್ಲಿದ್ದದ್ದು ಅಣ್ಣ ಕಲ್ಲಿನಾಥನ ಅಂಗಿಗಳು. ಅಣ್ಣ ಹೋದ ಸುಗ್ಗಿಯಲ್ಲೇ ತೀರಿಕೊಂಡಿದ್ದ. ಸುದ್ದಿ ಮುಟ್ಟಿದಾಗ ಈರಸಂಗ ಮಣ್ಣು ಕೊಡಲೂ ಹೋಗಿರಲಿಲ್ಲ. ಬಿಟ್ಟು ಬಂದವನಿಗೆ ಅಣ್ಣ ಯಾರು ತಮ್ಮ ಯಾರು ಅಂದಿದ್ದ. ಈಗ ಅತ್ತಿಗೆ ಈ ಗಂಟು ಕಳಿಸಿದ್ದಳು. ಜೊತೆಗೆ ಒಂದೇ ಮಾತು: ಇವು ಇಲ್ಲಿ ಯಾರ ಮೈಗೂ ಬರುವುದಿಲ್ಲ, ಮೈದುನನಿಗೇ ಮುಟ್ಟಬೇಕು.

ಈರಸಂಗನಿಗೆ ಮೈಯೆಲ್ಲ ಉರಿಯಿತು. ಗಂಟನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಗುರುಗಳ ಮುಂದೆ ನಿಂತ.

"ಅಜ್ಜಾರ, ಇದನ್ನ ಹೊಳಿಗೆ ಬಿಡ್ತೀನ್ರಿ."

"ಯಾಕ, ಹೊಳಿ ಕೇಳಿತ್ತೇನು?"

"ಹಂಗಾರ ಸುಡ್ತೀನ್ರಿ."

"ಚಳಿ ಹತ್ತೇತೇನು?"

"ಪಾತ್ರಿ ಮಾರಾಕಿ ಬರ್ತಾಳಲ್ರಿ, ಆಕಿಗೆ ಹಾಕ್ತೀನಿ. ಹಳೇ ಅರಿವಿಗೆ ಒಂದು ಡಬರಿ ಕೊಡ್ತಾಳ."

"ಡಬರಿ ಐತಲ್ಲೋ. ಅದಕ್ಕ ಹಾಕೂ ಅಕ್ಕಿ ಇಲ್ಲ ನಮ್ಮ ಹಂತ್ಯಾಕ."

ಆಮೇಲೆ ಅಜ್ಜ, ಸತ್ತವನ ಮೇಲಿನ ಸಿಟ್ಟೋ ಅರಿವೆಯ ಮೇಲಿನ ಸಿಟ್ಟೋ ಎಂದು ಕೇಳಿದರು.

ಈರಸಂಗ ಎಲ್ಲವನ್ನೂ ಹೇಳಿದ. ಹುಟ್ಟಿದಾಗಿನಿಂದ ತಾನು ಹೊಸ ಅಂಗಿ ಕಂಡವನಲ್ಲ. ಹಬ್ಬ ಬಂತೆಂದರೆ ಹೊಸದು ಅಣ್ಣನಿಗೆ, ಅವನು ಹಾಕಿ ಬಿಟ್ಟದ್ದು ತನಗೆ. ಅಣ್ಣನದೋ ಹಿಡಿಯಷ್ಟು ಮೈ. ಹನ್ನೆರಡು ತುಂಬುವುದರೊಳಗೇ ತಾನು ಅವನನ್ನು ಮೀರಿ ಬೆಳೆದಿದ್ದ. ಹೊಸ ಅಂಗಿ ತೊಟ್ಟು ಅಣ್ಣ ಬೀದಿಗೆ ಬಂದರೆ ಭುಜ ಜೋಲುತ್ತಿದ್ದವು. ನೋಡ್ರೋ, ಅಂಗಿ ತಾನೇ ನಡಕೊಂಡು ಬಂತು ಅಂತ ಈರಸಂಗನೇ ಹುಡುಗರನ್ನು ಸೇರಿಸಿ ನಗುತ್ತಿದ್ದ.

ಮನೆ ಬಿಟ್ಟ ದಿನ ಮೈಮೇಲಿನ ಅಂಗಿಯನ್ನೂ ಕಳಚಿ ಊರ ಹಳ್ಳಕ್ಕೆ ಎಸೆದಿದ್ದ. ನಿನ್ನ ಎಂಜಲ ತೊಟ್ಟು ಬೆಳದೀನಿ, ಇನ್ನ ಸಾಕು ಎಂದು ಎಲ್ಲರೆದುರಿಗೇ ಅಂದಿದ್ದ. ಅಣ್ಣ ನೀರಿಗಿಳಿದ, ಅಂಗಿ ಎತ್ತಿಕೊಂಡ, ಹಿಂಡಿ ಹೆಗಲಿಗೆ ಹಾಕಿಕೊಂಡ.

"ಸತ್ತ ಮ್ಯಾಲೂ ಹಳೇದ್ನ ಕಳಿಸ್ಯಾನ ನೋಡ್ರಿ," ಅಂದ ಈರಸಂಗ.

"ಎಷ್ಟೆತ್ತರ ಇದ್ದ ನಿಮ್ಮಣ್ಣ?"

ಈರಸಂಗ ಅಂಗೈಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದ. "ಇಷ್ಟ್ರಿ. ಗಿಡ್ಡ."

ಅಜ್ಜ ಆ ಕೈಯನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಸೂಜಿ, ದಾರ, ಒಂದು ತುಂಡು ಸೋಪು ತಂದುಕೊಟ್ಟರು.

"ದಾರ್ಯಾಗ ಹೋಗೂ ಯಾರಿಗಾರ ಕೊಡು, ಬ್ಯಾಡ ಅನ್ನಂಗಿಲ್ಲ. ಆದ್ರ ಒಗದು ಕೊಡು. ಹರಿದಲ್ಲಿ ಹೊಲದು ಕೊಡು. ನಿನಗ ಬ್ಯಾಡಾದ್ದು ಅಂತ ಇನ್ನೊಬ್ಬರಿಗೆ ಹೊಲಸು ಕೊಡಬಾರದು ತಮ್ಮಾ."

ಈರಸಂಗ ಗೊಣಗುತ್ತಲೇ ಕಲ್ಲಿನ ಮೇಲೆ ಕೂತು ಒಗೆದ. ಬೇವಿನ ಟೊಂಗೆಗೆ ಹರವಿದ. ಒಣಗಿದ ಮೇಲೆ ಒಂದೊಂದನ್ನೇ ಮಡಿಲಿಗೆ ಎಳೆದುಕೊಂಡು ಹರಿದದ್ದು ಎಲ್ಲಿ ಅಂತ ಹುಡುಕಿದ.

ಹರಿದದ್ದು ಎಲ್ಲೂ ಇರಲಿಲ್ಲ. ಯಾರದೋ ವಸ್ತುವನ್ನು ಕೇಳಿ ತಂದು ತೊಟ್ಟವನ ಹಾಗೆ ಅಣ್ಣ ಜೋಪಾನ ಮಾಡಿದ್ದ.

ಒಂದು ನೀಲಿ ಅಂಗಿಯ ತೋಳಿನ ತುದಿಯಲ್ಲಿ ಮಾತ್ರ ದಾರ ಸಡಿಲಾಗಿತ್ತು. ಈರಸಂಗ ಅದನ್ನು ಜಗ್ಗಿದ. ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ತೋಳು ಗೇಣುದ್ದ ಕೆಳಗಿಳಿಯಿತು.

ಒಳಗೆ ಮಡಚಿದ್ದ ಬಟ್ಟೆ ಕಡು ನೀಲಿ. ಬಿಸಿಲನ್ನೇ ಕಾಣದ ನೀಲಿ.

ಅಂಗಿಯ ಕೆಳಗಿನ ಅಂಚು ನೋಡಿದ. ಅಲ್ಲೂ ಗೇಣುದ್ದ ಒಳಗೆ ಮಡಚಿ ಹೊಲಿದಿತ್ತು.

ಇನ್ನೊಂದು ಅಂಗಿ ಎತ್ತಿಕೊಂಡ. ಮತ್ತೊಂದು. ಎಲ್ಲವೂ ಹಾಗೇ.

ಆಗ ಅವ್ವ ನೆನಪಾದಳು. ಅಣ್ಣನ ಅಂಗಿ ತನಗೆ ಬರುವ ಹಿಂದಿನ ಸಂಜೆ ಅವಳು ಕಟ್ಟೆಯ ಮೇಲೆ ಕೂತು ಸೂಜಿಯಿಂದ ಏನೋ ಮಾಡುತ್ತಿದ್ದಳು. ಹರಿದದ್ದಕ್ಕೆ ಹೊಲಿಗೆ ಹಾಕುತ್ತಾಳೆ ಎಂದೇ ತಿಳಿದಿದ್ದ. ಅವಳು ಹೊಲಿಯುತ್ತಿರಲಿಲ್ಲ, ಬಿಚ್ಚುತ್ತಿದ್ದಳು. ಸಿಂಪಿಗನ ಅಂಗಡಿಗೆ ಹೋಗುವಾಗ ಅಣ್ಣ ತನ್ನನ್ನೂ ಯಾಕೆ ಕರೆದೊಯ್ಯುತ್ತಿದ್ದ, ತಮ್ಮನ ಭುಜ ಹಿಡಿದು ನಿಲ್ಲಿಸಿ ಯಾಕೆ ಟೇಪು ಹಿಡಿಸುತ್ತಿದ್ದ ಎಂಬುದೂ ಈಗ ಹೊಳೆಯಿತು. ಅಣ್ಣನಿಗೆ ತನ್ನ ಅಳತೆ ಕೊಡಲೂ ನಾಚಿಕೆ ಅಂತ ಅದಕ್ಕೂ ಅವತ್ತು ಈರಸಂಗ ನಕ್ಕಿದ್ದ.

ಒಂದು ಬಟ್ಟೆ, ಇಬ್ಬರು ಮಕ್ಕಳು. ಮನೆಯಲ್ಲಿದ್ದದ್ದೇ ಅಷ್ಟು.

ಸರಿ, ಅದು ಅಂದಿನ ಮಾತಾಯಿತು. ಈ ಅಂಗಿಗಳು?

ಈರಸಂಗ ಒಂದೊಂದನ್ನೂ ತಿರುವಿ ತಿರುವಿ ನೋಡಿದ. ಹಳೆಯವಾಗಿದ್ದರೆ ಅವನಿಗೆ ಗುರುತು ಸಿಗಬೇಕಿತ್ತು. ಅವನೇ ತೊಟ್ಟು ಬೈದ ಅಂಗಿಗಳವು, ಕಣ್ಣು ಮುಚ್ಚಿ ಮುಟ್ಟಿದರೂ ಹೇಳಬಲ್ಲ. ಇವುಗಳಲ್ಲಿ ಒಂದೂ ಅವನ ಗುರುತಿನದಲ್ಲ. ಎಲ್ಲವೂ ಅವನು ಮನೆ ಬಿಟ್ಟ ಮೇಲೆ ಹೊಲಿಸಿದವು. ಇಷ್ಟು ವರ್ಷವೂ, ಒಂದೊಂದು ಹಬ್ಬಕ್ಕೂ.

ಅವನು ಕಾವಿಯ ಮೇಲೆಯೇ ಆ ನೀಲಿ ಅಂಗಿ ತೊಟ್ಟುಕೊಂಡ. ಬಿಚ್ಚಿದ ತೋಳು ಮಣಿಕಟ್ಟಿಗೆ ಬಂದು ಸರಿಯಾಗಿ ನಿಂತಿತು.

ಹೊತ್ತು ಇಳಿಯುತ್ತಿತ್ತು. ಅಜ್ಜ ಬೇವಿನ ಬುಡದಲ್ಲಿ ಕೂತಿದ್ದರು. ಈರಸಂಗ ಬಂದು ನಿಂತ. ಅವನ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಬೇರೆ ದಿನವಾಗಿದ್ದರೆ ಅಜ್ಜ ನಗುತ್ತಿದ್ದರು.

"ಇದು ಅವನ ಅಳತಿ ಅಲ್ರಿ ಅಜ್ಜಾರ," ಅಂದ. "ನಂದು."

ಅಜ್ಜ ಆ ತೋಳಿನತ್ತ ನೋಡಿದರು.

"ಮಣ್ಣಿಗೂ ಹೋಗಲಿಲ್ರಿ ನಾನು."

ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

"ಇನ್ನ ಯಾರ ಮುಂದ ಹೇಳ್ಲಿ? ಯಾರ ಕಾಲು ಹಿಡೀಲಿ?"

ಅಜ್ಜ ಕೈ ಚಾಚಿ, ಇನ್ನೂ ಮಡಚಿಕೊಂಡೇ ಇದ್ದ ಇನ್ನೊಂದು ತೋಳಿನ ಹೊಲಿಗೆಯನ್ನು ಬೆರಳಿನಿಂದ ಸವರಿದರು. ಪುಟ್ಟ ಪುಟ್ಟ ಟಾಕು, ಒಂದೂ ತಪ್ಪಿರಲಿಲ್ಲ. ಆಮೇಲೆ ಶಿಷ್ಯನ ಮುಖ ನೋಡಿದರು.

"ನಿಮ್ಮಣ್ಣ ಎಷ್ಟೆತ್ತರ ಇದ್ದ ಅಂದಿ? ಇನ್ನೊಮ್ಮೆ ತೋರಸು ತಮ್ಮಾ."