ಡಾಕ್ಟರಮ್ಮನ ಕಡಲು, ಜಟ್ಟನ ಕಾವಲು

ಹ್ಞೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಕಡಲಂಚಿನ ಒಂದೂರಲ್ಲಿ ಮಾದೇವಿ ಅಂತ ಮೀನು ಮಾರುವವಳಿದ್ದಳು. ಅವಳಿಗೊಬ್ಬನೇ ಮಗ, ಜಟ್ಟ. ಮೂವತ್ತು ದಾಟಿದ ಗಟ್ಟಿ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನ ಗುಣವೂ ಅದೇ, ರೋಗವೂ ಅದೇ.

ಗಂಜಿಗೆ ಉಪ್ಪು ಹಾಕೋ ಅಂದರೆ ಡಬ್ಬಿ ಪೂರ್ತಿ ಸುರಿದ.

"ಅಯ್ಯೋ ಪೆದ್ದೇ! ಉಪ್ಪು ಹಾಕ್ವಾಗ ನಾಲಿಗೆ ಮೇಲೆ ಇಟ್ಟು ನೋಡ್ಬೇಕು. ಬಾಯಿಗೆ ಹಿತ ಆಯ್ತು ಅಂದ್ರೆ ನಿಲ್ಲಿಸ್ಬೇಕು!"

"ಹೌದಾ ಅವ್ವಿ? ಇನ್ನು ಹಾಗೇ ಮಾಡ್ತೆ."

ಹಾಗೇ ಮಾಡುತ್ತಾನೆ, ಅದೇ ಮಾದೇವಿಗೆ ಭಯ. ಅವಳ ಮಂಡಿ ಸವೆದಿತ್ತು. ಕಡಲು ವರ್ಷ ವರ್ಷ ಒಂದೊಂದು ತೆಂಗಿನ ಮರ ನುಂಗುತ್ತ ಹಿತ್ತಿಲ ತನಕ ಬಂದಿತ್ತು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಸೂರು ಯಾರು, ಕೂಳು ಯಾರು? ಬುಟ್ಟಿ ಹೊತ್ತು ಮನೆ ಮನೆ ತಿರುಗುವಾಗಲೆಲ್ಲ ಅವಳಿಗೆ ಇದೊಂದೇ ಯೋಚನೆ.

ಆ ಊರಲ್ಲಿ ಮಕ್ಕಳ ದವಾಖಾನೆ ಇಟ್ಟಿದ್ದ ಡಾಕ್ಟರಮ್ಮ ಒಬ್ಬರಿದ್ದರು. ಸೂಜಿ ಕಂಡು ಅಳುವ ಮಕ್ಕಳಿಗೆ ತೋರಿಸಲು ದೊಡ್ಡ ಗಾಜಿನ ತೊಟ್ಟಿ ತರಿಸಿದರು, ಉಪ್ಪುನೀರಿನ ಬಣ್ಣದ ಮೀನು ಸಾಕಲಿಕ್ಕೆ. ಮಾದೇವಿ ಕೈ ಮುಗಿದಳು.

"ಅಮ್ಮಾ, ನನ್ನ ಮಗನ್ನ ತೊಟ್ಟಿ ಕಾಯೂಕೆ ಇಟ್ಕೊಳ್ಳಿ."

"ಆಗ್ಲಿ ಮಾದೇವಕ್ಕ. ಆದ್ರೆ ಹೊಸ ತೊಟ್ಟಿ ಹದಕ್ಕೆ ಬರೋ ಮುಂಚೆ ಮೀನು ಬಿಟ್ರೆ ಸಾಯ್ತವೆ. ಮೀನು ಉಳಿಸಿ ತೋರಿಸ್ಲಿ, ಕೆಲಸ ಖಾಯಂ. ದವಾಖಾನೆ ಹಿಂದಿನ ಕೋಣೆಯೂ ನಿಮಗೇ."

ಕೋಣೆ! ಕಡಲಿಂದ ಅಷ್ಟು ದೂರದ, ಹಂಚು ಹೊದಿಸಿದ ಗಟ್ಟಿ ಕೋಣೆ. ಮಾದೇವಿ ಮಗನಿಗೆ ತಲೆ ಬಾಚಿ ಕಳಿಸಿದಳು.

ಬಂದರಿನ ನೀರಲ್ಲಿ ಡೀಸೆಲ್ ತೇಲುತ್ತದೆಂದು ಡಾಕ್ಟರಮ್ಮ ಉಪ್ಪನ್ನು ಚೀಲದಲ್ಲಿ ತರಿಸಿದ್ದರು. "ಜಟ್ಟಾ, ಸರಿಯಾಗಿ ನೋಡಿ ಉಪ್ಪು ಕರಗಿಸು" ಅಂದು ರೋಗಿಗಳ ಕಡೆ ಹೋದರು. ಜಟ್ಟ ಒಂದು ಮುಷ್ಟಿ ಹಾಕಿದ, ನೆಕ್ಕಿದ. ಮತ್ತೊಂದು ಮುಷ್ಟಿ ಹಾಕಿದ, ನೆಕ್ಕಿದ. ಬಾಯಿಗೆ ಹಿತ ಆಯಿತು, ನಿಲ್ಲಿಸಿದ.

"ಏನೋ ಇದು! ಮೀನು ಸಾಕೋದಾ, ಗಂಜಿ ಕುಡಿಯೋದಾ? ನಾಲಿಗೆಯಿಂದ ಅಲ್ಲ, ಈ ಅಳತೆ ಕೊಳವೆ ಇಟ್ಟು ನೋಡು. ಮುಳ್ಳು ಈ ಕೆಂಪು ಗೆರೆಗೆ ಬಂದ್ರೆ ಕಡಲಿನಷ್ಟು ಉಪ್ಪು ಅಂತ!"

"ಹೌದಾ ಅಮ್ಮಾ? ಇನ್ನು ಹಾಗೇ ಮಾಡ್ತೆ."

ಮಾಡಿದ. ತೊಟ್ಟಿಗೂ ಮಾಡಿದ, ಕೊಳವೆಯನ್ನು ಮನೆಗೆ ತಂದು ಬಂಗುಡೆ ಸಾರಿಗೂ ಮಾಡಿದ. ಕೊಳವೆ ಅದ್ದಿದ, ಮುಳ್ಳು ಕೆಂಪು ಗೆರೆಗೆ ಬರಲಿಲ್ಲ. ಉಪ್ಪು ಹಾಕಿದ, ಬರಲಿಲ್ಲ. ಇನ್ನೂ ಹಾಕಿದ, ಬಂತು. ಮಾದೇವಿ ಒಂದು ತುತ್ತು ಬಾಯಿಗಿಟ್ಟು ಹಿತ್ತಿಲಿಗೆ ಓಡಿದಳು.

"ಕಡಲನ್ನೇ ಉಣ್ಸಿದ್ಯಲ್ಲೋ! ಸಾರು ಹದಕ್ಕೆ ಬಂತಾ ಅಂತ ಕೊಳವೆ ಹೇಳೂದಿಲ್ಲ, ಮೂಗು ಹೇಳ್ತದೆ. ಹಸಿ ವಾಸನೆ ಹೋಗೂ ತನಕ ಕುದಿಸ್ಬೇಕು. ಹೋಯ್ತು ಅಂದ್ರೆ ಹದ!"

"ಹೌದಾ ಅವ್ವಿ? ಇನ್ನು ಹಾಗೇ ಮಾಡ್ತೆ."

ಮರುದಿನ ಡಾಕ್ಟರಮ್ಮ ತೊಟ್ಟಿಗೆ ತೂತು ತೂತಿನ ಕಡಲ ಕಲ್ಲು ಇಳಿಸಿ, ಒಂದು ಸತ್ತ ಸಿಗಡಿ ಹಾಕಿದರು. "ಇದು ಕೊಳೀಲಿ. ನೀರು ಹದಕ್ಕೆ ಬಂದ್ಮೇಲೇ ಮೀನು" ಅಂದರು. ಎರಡನೇ ದಿನಕ್ಕೆ ವಾಸನೆ ಎದ್ದಿತು. ಜಟ್ಟ ಮೂಗು ಇಟ್ಟು ನೋಡಿದ. ಹಸಿ ವಾಸನೆ! ಹದವಾಗಿಲ್ಲ! ಸೀದಾ ಹೋಗಿ, ಸ್ನಾನದ ನೀರು ಕಾಯಿಸುವ ಕಾಯಿಲ್ ತಂದು ತೊಟ್ಟಿಗೆ ಇಳಿಬಿಟ್ಟ. ಬುಟ್ಟಿ ಖಾಲಿ ಮಾಡಿ ಮಾದೇವಿ ದವಾಖಾನೆಗೆ ಬರುವ ಹೊತ್ತಿಗೆ ತೊಟ್ಟಿಯಿಂದ ಹಬೆ ಏಳುತ್ತಿತ್ತು. ಕೊತ್ತಂಬರಿ ಸೊಪ್ಪು ಉದುರಿಸಿರಲಿಲ್ಲ, ಅದೇ ಪುಣ್ಯ.

ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತರು.

"ಜಟ್ಟಾ! ಆ ಕಲ್ಲಲ್ಲಿ ಕಣ್ಣಿಗೆ ಕಾಣದ ಜೀವ ಇದ್ವು ಕಣೋ. ಸಿಗಡಿ ಕೊಳೆತು ವಿಷ ಬಿಡುತ್ತೆ, ಆ ವಿಷ ತಿಂದು ಅವು ಹೆಚ್ಚಬೇಕು. ಸಾಕಷ್ಟು ಹೆಚ್ಚಿದ ಮೇಲೆ, ಮೀನಿನ ಹೊಲಸನ್ನೂ ಅವೇ ತಿಂತವೆ. ಎಲ್ಲಾನೂ ಬೇಯಿಸಿಬಿಟ್ಟೆ! ಇದು ಬೆಂಕಿಯಿಂದ ಆಗೋ ಅಡುಗೆ ಅಲ್ಲ, ದಿನ ಹೋದ ಹಾಗೆ ಆಗೋದು. ಹೊಸ ಕಲ್ಲು ತರಿಸ್ತೇನೆ. ನೀನು ಏನೂ ಮುಟ್ಟಬೇಡ. ಏನೇ ಆಗ್ಲಿ, ಸುಮ್ನೆ ನೋಡ್ತಾ ಕೂತಿರು!"

"ಹೌದಾ ಅಮ್ಮಾ? ಇನ್ನು ಹಾಗೇ ಮಾಡ್ತೆ."

ಮಾದೇವಿ ಮಗನನ್ನು ಕರೆದುಕೊಂಡು ಮನೆಗೆ ನಡೆದಳು. ಕೋಣೆ ಕೈ ತಪ್ಪಿತು ಅಂದುಕೊಂಡಳು. ಆದರೆ ಕಾಣದ ಜೀವದ ಮಾತು ಅವಳ ತಲೆಯಲ್ಲೇ ಉಳಿಯಿತು. ನೀರಿಗೇ ತಯಾರಾಗಲು ಅಷ್ಟು ದಿನ ಬೇಕಾದರೆ, ನನ್ನ ಮಗನಿಗೆ ಎಷ್ಟು ಬೇಕೋ?

ಮರುದಿನ ರಜೆ. ಮರಳ ಮೇಲೆ ಮೀನು ಒಣಹಾಕಿ, ಮಗನನ್ನು ಪಕ್ಕದಲ್ಲಿ ಕೂರಿಸಿ, ಮಾದೇವಿ ಕುಡಿಯುವ ನೀರು ತರಲು ಹೋದಳು. ಬಂದು ನೋಡಿದರೆ ಚಾಪೆ ಅರ್ಧ ಖಾಲಿ.

"ಮೀನೆಲ್ಲಿ ಹೋಯ್ತೋ?"

"ಕಾಗೆ ಬಂತು ಅವ್ವಿ, ಹದಿನಾಲ್ಕು ತಿಂತು. ಬೆಕ್ಕು ಬಂತು, ಒಂಬತ್ತು ತಿಂತು. ಒಂದ್ರ ತಲೆ ಬಿಡ್ತು. ನಾ ಏನೂ ಮುಟ್ಲಿಲ್ಲ. ನೋಡ್ತಾ ಕೂತಿದ್ದೆ."

"ನಿನ್ನ ಹೆತ್ತ ಹೊಟ್ಟೆಗಿಷ್ಟು! ಕೋಲು ಹಿಡ್ಕೊಂಡು ಕೂರ್ಬೇಕು. ಹತ್ರ ಯಾರೇ ಬರ್ಲಿ, ಓಡಿಸ್ಬೇಕು!"

"ಹೌದಾ ಅವ್ವಿ? ಇನ್ನು ಹಾಗೇ ಮಾಡ್ತೆ."

ಹೊಸ ಕಲ್ಲು ಬಂತು, ಹೊಸ ಸಿಗಡಿ ಬಂತು. ಡಾಕ್ಟರಮ್ಮ ಎರಡು ದಿನ ಬೇರೆ ಊರಿನ ಶಿಬಿರಕ್ಕೆ ಹೋದರು. ಕಂಪೌಂಡರ್ ವಾಮನನಿಗೆ ತಡೆಯಲಾಗಲಿಲ್ಲ. ನೀರು ಕನ್ನಡಿ ಹಾಗೆ ತಿಳಿಯಾಗಿದೆ, ಇನ್ನೇನು ಕಾಯೋದು? ಡಾಕ್ಟರಮ್ಮ ಬರುವಷ್ಟರಲ್ಲಿ ಮೀನು ಆಡುತ್ತಿರಲಿ ಅಂತ ಕಿತ್ತಳೆ ಪಟ್ಟೆಯ ಎರಡು ಮೀನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಿಡಿದು ತಂದ. ತೊಟ್ಟಿಯ ಮುಂದೆ ಕೋಲು ಹಿಡಿದ ಜಟ್ಟ!

"ಸರಿಯೋ ಆಚೆ!"

"ಹತ್ರ ಯಾರೇ ಬರ್ಲಿ, ಓಡಿಸ್ಬೇಕು!"

ವಾಮನನನ್ನು ಓಡಿಸಿದ. ನೆಲ ಒರೆಸುವವಳನ್ನು ಓಡಿಸಿದ. ಜ್ವರದ ಮಕ್ಕಳನ್ನು ಅವುಗಳ ತಾಯಂದಿರ ಸಮೇತ ಓಡಿಸಿದ. ಮರುದಿನ ಸಂಜೆ ಶಿಬಿರದಿಂದ ಬಂದ ಡಾಕ್ಟರಮ್ಮನನ್ನೂ ಗೇಟಿನ ತನಕ ಓಡಿಸಿದ.

ಸುದ್ದಿ ಕೇಳಿ ಮಾದೇವಿ ಕುಂಟುತ್ತ ಬಂದಳು. ಕೋಲು ಕಸಿದು ಎಸೆದಳು. ಡಾಕ್ಟರಮ್ಮ ಕೆಂಡವಾಗಿದ್ದರು. "ಸಾಕು ಮಾದೇವಕ್ಕ, ಕರ್ಕೊಂಡು ಹೋಗಿ!" ಅಷ್ಟರಲ್ಲಿ ವಾಮನ ದೂರು ಹೇಳಿದ. ಮೀನು ಬಿಡಲು ಕೊಡಲಿಲ್ಲವಂತೆ, ವಾಪಸು ಅಂಗಡಿಗೆ ಕೊಟ್ಟು ಬಂದನಂತೆ. ಡಾಕ್ಟರಮ್ಮ ಸೀದಾ ತೊಟ್ಟಿಯ ಹತ್ತಿರ ಹೋದರು. ಚಿಕ್ಕ ಸೀಸೆಯಲ್ಲಿ ತೊಟ್ಟಿ ನೀರು ತುಂಬಿ, ಮದ್ದಿನ ಹನಿ ಹಾಕಿ ಅಲ್ಲಾಡಿಸಿದರು. ನೀರು ಕಡು ಹಸಿರಾಯಿತು.

"ಹಸಿರು ಅಂದ್ರೆ ವಿಷ. ಕಣ್ಣಿಗೆ ತಿಳಿಯಾಗಿ ಕಂಡರೆ ಆಗಲ್ಲ ವಾಮನಾ. ಬಿಟ್ಟಿದ್ರೆ ಇಷ್ಟೊತ್ತಿಗೆ ಎರಡೂ ತೇಲ್ತಿದ್ವು."

ಜಟ್ಟನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಮಕ್ಕಳನ್ನ ಓಡಿಸ್ಬೇಡ. ದಿನಾ ಬೆಳಿಗ್ಗೆ ಹನಿ ಹಾಕಿ ನೋಡು. ಮೂರು ದಿನ ಒಂದೇ ಸಮ ಹಳದಿ ಬಂದ್ರೆ ನೀರು ತಯಾರು. ಆಗ ನಂಗೆ ಹೇಳು."

"ಹೌದಾ ಅಮ್ಮಾ? ಇನ್ನು ಹಾಗೇ ಮಾಡ್ತೆ."

ಕಲ್ಲಿನ ಮೇಲೆ ಕಂದು ಪಾಚಿ ಬಂತು, ಹೋಯಿತು. ವಾಮನ "ಇವತ್ತು ಹಳದಿ ಥರಾನೇ ಇದೆ" ಅಂದ ದಿನವೂ ಜಟ್ಟ ಬೆಳಕಿಗೆ ಹಿಡಿದು ನೋಡಿ "ಹಸಿರದೆ" ಅಂದ. ಹಳದಿ ಬಂದಾಗ ಒಂದು ಬೆರಳು ಮಡಚಿದ, ಮರುದಿನ ಎರಡನೆಯದು. ಬೆರಳು ಬಿಚ್ಚದೆಯೇ ಉಂಡ, ಮಲಗಿದ. ನಲವತ್ಮೂರನೇ ದಿನ ಮೂರು ಬೆರಳು ಮಡಚಿಕೊಂಡು ಡಾಕ್ಟರಮ್ಮನ ಮುಂದೆ ನಿಂತ. ಬಾಗಿಲಲ್ಲಿ ನಿಂತು ನೋಡಿದ ಮಾದೇವಿಯ ಎದೆ ತುಂಬಿತು. ಅವಸರವೇ ಗೊತ್ತಿಲ್ಲದವನು ಬೇಕಾಗುವ ಕೆಲಸವೂ ಲೋಕದಲ್ಲಿ ಒಂದಿತ್ತಲ್ಲ!

ಮೀನು ಬಂದವು. ಡಾಕ್ಟರಮ್ಮ ಅವನ್ನು ಬಕೆಟ್ಟಿಗೆ ಹಾಕಿ, ಸಲೈನ್ ಪೈಪಿನಿಂದ ತೊಟ್ಟಿಯ ನೀರನ್ನು ಹನಿ ಹನಿ ಬಿಟ್ಟರು. "ನೋಡ್ಕೋ ಜಟ್ಟಾ. ಹೊಸಬರನ್ನ ಒಮ್ಮೆಲೇ ಒಳಗೆ ಬಿಡಬಾರದು. ಒಂದು ಗಂಟೆ ಹೀಗೆ ಕೂರಿಸಿ, ಇಲ್ಲಿನ ನೀರು ಅಭ್ಯಾಸ ಮಾಡಿಸ್ಬೇಕು. ಒಳಗೆ ಬಿಟ್ಟ ಮೇಲೆ ದೀಪ ಆರಿಸ್ಬೇಕು. ಮೊದಲ ದಿನ ತಿನ್ನೋಕೆ ಕೊಡಬಾರದು."

"ಹೌದಾ ಅಮ್ಮಾ? ಇನ್ನು ಹಾಗೇ ಮಾಡ್ತೆ."

ಮೀನು ಉಳಿದವು. ತಿಂಗಳು ಕಳೆಯಿತು. ಕೆಲಸ ಖಾಯಂ ಆಯಿತು, ಕೋಣೆಯ ಬೀಗದ ಕೈ ಸಿಕ್ಕಿತು. ಮಾದೇವಿ ಗಂಟು ಮೂಟೆ ಕಟ್ಟಿಕೊಂಡು, ಕಡಲಿಗೊಂದು ಕೈ ಮುಗಿದು, ಹೊಸ ಮನೆಗೆ ಬಂದಳು.

"ನಿಲ್ಲು ಅವ್ವಿ!"

ಹೊಸ್ತಿಲಾಚೆ ಸ್ಟೂಲು. ಸ್ಟೂಲಿನ ಮೇಲ್ಗಡೆ, ಕಂಬಕ್ಕೆ ಕಟ್ಟಿದ ಸಲೈನ್ ಬಾಟಲಿ. ಬಾಟಲಿಯಲ್ಲಿ ಹಿತ್ತಿಲ ಬಾವಿಯ ನೀರು.

"ಒಂದು ಗಂಟೆ ಕೂತ್ಕೋ. ಮೂರು ದಿನ ಹನಿ ಹಾಕಿ ನೋಡಿದೆ, ಬಾವಿ ನೀರು ಹಳದಿನೇ ಅದೆ."

ನೆತ್ತಿಯ ಮೇಲೆ ಟಪ್ ಅಂತ ಮೊದಲ ಹನಿ ಬಿತ್ತು. ಬೈಗುಳ ಮಾದೇವಿಯ ನಾಲಿಗೆಯ ತುದಿಗೆ ಬಂತು. ಆದರೆ ಇಷ್ಟು ವರ್ಷದಲ್ಲಿ ಅವಳು ಒಳಗೆ ಕಾಲಿಡುವ ಮುಂಚೆ ಜಾಗ ಹಿತವಾಗಿದೆಯೇ ಅಂತ ನೋಡಿದವರು ಯಾರಿದ್ದರು? ಕೂತಳು. ಟಪ್, ಟಪ್. ಕಣ್ಣಲ್ಲೂ ನೀರು ಬಂತು, ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ.

"ಜಟ್ಟಾ, ಏನೋ ಇದು!" ಡಾಕ್ಟರಮ್ಮ ಕೂಗಿದರು.

"ಇರ್ಲಿ ಬಿಡಿ ಅಮ್ಮಾ" ಅಂದಳು ಮಾದೇವಿ. "ಇನ್ನು ಅರ್ಧ ಗಂಟೆ ಅದೆ."

ಗಂಟೆಯಾಯಿತು. ಜಟ್ಟ ಅವ್ವಿಯ ಕೈ ಹಿಡಿದು ಒಳಗೆ ಬಿಟ್ಟ. ಕಿಟಕಿ ಮುಚ್ಚಿದ, ದೀಪ ಆರಿಸಿದ. ಅನ್ನದ ಪಾತ್ರೆ ಎತ್ತಿ ಅಟ್ಟದ ಮೇಲಿಟ್ಟ.

"ಅನ್ನ ಎಲ್ಲಿಗೋ?"

"ಹೊಸಬ್ರಿಗೆ ಮೊದಲ ದಿನ ತಿನ್ನೂಕೆ ಕೊಡೂಕಿಲ್ಲ ಅವ್ವಿ. ನಾಳೆ ಕೊಡ್ತೆ, ಒಂದು ಚಿಟಿಕೆ."

ಮಾದೇವಿ ಬೈಯಲು ಬಾಯಿ ತೆರೆದಳು. ಬೈದರೆ ಹೊಸ ಬುದ್ಧಿ ಹೇಳಬೇಕು, ಹೊಸ ಬುದ್ಧಿ ಹೇಳಿದರೆ ನಾಳೆ ಆ ಮೀನುಗಳ ಗತಿ? ತೆರೆದ ಬಾಯಿಗೆ, ಸೆರಗಿನ ಗಂಟಿನಲ್ಲಿದ್ದ ಅವಲಕ್ಕಿ ಹಾಕಿಕೊಂಡಳು. ಮಗನಿಗೆ ಕೇಳಿಸದ ಹಾಗೆ, ಕತ್ತಲಲ್ಲಿ, ಮೆಲ್ಲಗೆ ಅಗಿದಳು.