ನಾಲ್ಕು ಮನೆಗೆ ಕಳಿಸಿದ ವೀಳ್ಯ

“ಗುರುಗಳೇ, ಯಾವ ಯಾವ ಕಾಲೇಜುಗಳಿಗೆ ಅರ್ಜಿ ಹಾಕಲಿ?” ಎಂದು ಇಂದುಮತಿ ಕೇಳಿದಳು.

ಅವಳು ಬಿ.ಎಸ್ಸಿ. ಮುಗಿಸಿದ್ದಳು. ಅಂಕಗಳು ಚೆನ್ನಾಗಿದ್ದವು. ಪ್ರವೇಶ ಪರೀಕ್ಷೆಯಲ್ಲೂ ಮೇಲಿನ ಸಾಲಿನಲ್ಲಿದ್ದಳು. ಓದುವ ವರ್ಷಗಳಲ್ಲಿ ಭಾನುವಾರ ಬಂತೆಂದರೆ ಗುರುಗಳ ಆಶ್ರಮಕ್ಕೆ ಬರುತ್ತಿದ್ದಳು. ಹಿಡಿದುಕೊಂಡ ಭುಜ, ಉಳುಕಿದ ಸೊಂಟ ಎಂದು ಬರುವವರನ್ನು ಗುರುಗಳು ಕೈಯಿಂದಲೇ ಸರಿಪಡಿಸುತ್ತಿದ್ದರು. ಅವಳು ಅದನ್ನು ನೋಡಿ ಕಲಿತಳು. ಈಗ ಹೊರದೇಶಕ್ಕೆ ಹೋಗಿ ಆಸ್ಟಿಯೋಪಥಿ ಓದಬೇಕೆಂದಿದ್ದಳು. ಔಷಧ, ಶಸ್ತ್ರಚಿಕಿತ್ಸೆಗಳ ಜೊತೆಗೆ ಮೂಳೆ ಸ್ನಾಯುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆಯನ್ನೂ ಕಲಿಸುವ ವೈದ್ಯಶಿಕ್ಷಣ ಅದು. ಅರ್ಜಿ ಹಾಕುವ ಕಾಲ ಮುಗಿಯುತ್ತಾ ಬಂದಿತ್ತು. ಅವಳು ಇನ್ನೂ ಒಂದಕ್ಕೂ ಹಾಕಿರಲಿಲ್ಲ.

“ಏನು ತೊಡಕು?” ಎಂದರು ಗುರುಗಳು.

“ಎಲ್ಲವೂ ಒಂದೇ ಥರ ಕಾಣುತ್ತವೆ. ಪಾಠಕ್ಕೆ ಇಷ್ಟು, ತರಬೇತಿಗೆ ಇಷ್ಟು, ಊರಿಗೆ ಇಷ್ಟು ಎಂದು ಅಂಕ ಕೊಟ್ಟು ಕೂಡಿಸಿದೆ. ಹೆಚ್ಚುಕಡಿಮೆ ಸಮನಾಗಿ ಬಂದವು. ಲೆಕ್ಕದ ಕ್ರಮ ಬದಲಿಸಿ ಮತ್ತೆ ಕೂಡಿಸಿದೆ. ಕೆಳಗಿದ್ದದ್ದು ಮೇಲೆ ಬಂತು, ಮೇಲಿದ್ದದ್ದು ಕೆಳಗೆ ಹೋಯಿತು. ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ.”

“ಗೆಳತಿಯರು ಏನನ್ನುತ್ತಾರೆ?”

“ನಿನ್ನಂಥವಳನ್ನು ಯಾರೂ ಬಿಡುವುದಿಲ್ಲ, ಎಲ್ಲಕ್ಕೂ ಹಾಕು, ಕರೆದ ಮೇಲೆ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಡು ಅನ್ನುತ್ತಾರೆ. ಬೇಡವೆಂದು ಒಂದು ಸಾಲು ಬರೆದರೆ ಮುಗಿಯಿತು. ಅದರಿಂದ ಯಾರಿಗೇನು ನಷ್ಟ, ಗುರುಗಳೇ?”

ಗುರುಗಳು ಮುಂದಿದ್ದ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಕೂತುಕೋ ತಾಯಿ,” ಎಂದು ಹೇಳತೊಡಗಿದರು.

ಒಂದು ನಾಡಿನಲ್ಲಿ ಮೂಳೆ ಕೂಡಿಸುವವರ ಮನೆಗಳು ನಾಲ್ಕಿದ್ದವು. ಒಂದು ಪೇಟೆಯಲ್ಲಿತ್ತು. ಗರಡಿಯ ಪೈಲ್ವಾನರು ಅಲ್ಲಿಗೆ ಬರುತ್ತಿದ್ದರು. ಒಂದು ಕಲ್ಲುಗಣಿಯ ಪಕ್ಕದಲ್ಲಿ. ಒಂದು ದೊಡ್ಡ ದಾರಿಗಳು ಕೂಡುವಲ್ಲಿ. ಗಾಡಿ ಮಗುಚಿ ಪೆಟ್ಟಾದವರನ್ನು ಅಲ್ಲಿಗೆ ಹೊತ್ತು ತರುತ್ತಿದ್ದರು. ನಾಲ್ಕನೆಯದು ಬೆಟ್ಟದ ಮೇಲೆ. ಅದರ ಗುರುವಿನ ಕೈಗುಣ ದೊಡ್ಡದು ಎಂಬುದಷ್ಟೇ ಬಯಲಿನವರಿಗೆ ಗೊತ್ತಿತ್ತು.

ಮುರಿದ ಮೂಳೆಯನ್ನು ಒಬ್ಬನೇ ಕೂಡಿಸಲಾಗುವುದಿಲ್ಲ. ಒಬ್ಬ ಎಳೆದು ಹಿಡಿಯಬೇಕು. ಇನ್ನೊಬ್ಬ ಬೆರಳಿನಿಂದ ತುದಿಗೆ ತುದಿ ತಂದು ಪಟ್ಟಿ ಕಟ್ಟಬೇಕು. ಎಳೆದವನ ಕೈ ನಡುವೆ ಸಡಿಲಿದರೆ ಮೂಳೆ ಜಾರುತ್ತದೆ. ಆದ್ದರಿಂದ ಪ್ರತಿ ಮನೆಯಲ್ಲೂ ಗುರುವಿನ ಜೊತೆ ಒಬ್ಬ ಶಿಷ್ಯ ಇರುತ್ತಿದ್ದ. ಅವನು ಎಳೆದು ಹಿಡಿಯುತ್ತಲೇ ಕೂಡಿಸುವುದನ್ನು ಕಲಿಯುತ್ತಿದ್ದ. ಅವನು ಕಲಿತು ಹೊರಟ ಮೇಲೆ ಇನ್ನೊಬ್ಬ ಬರುತ್ತಿದ್ದ.

ಶಿಷ್ಯನಾಗಬೇಕು ಎನ್ನುವವನು ಯುಗಾದಿ ಕಳೆದ ಮೇಲೆ ಗುರುವಿನ ಮನೆಗೆ ವೀಳ್ಯ ಕಳಿಸಬೇಕಿತ್ತು. ಒಂದು ಕಟ್ಟು ಎಲೆ, ಅದರ ಮೇಲೆ ಅಡಿಕೆ. ಗುರು ಅದರಲ್ಲಿ ಒಂದು ಎಲೆಯನ್ನು ಬಾಯಿಗಿಟ್ಟರೆ ಒಪ್ಪಿದಂತೆ. ಆಮೇಲೆ ಆ ವರ್ಷ ಬೇರೆಯವರು ಕಳಿಸಿದ ವೀಳ್ಯವನ್ನು ಗುರು ಮುಟ್ಟುತ್ತಿರಲಿಲ್ಲ. ಒಬ್ಬನೇ ಹಲವು ಮನೆಗೆ ಕಳಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಯಾರೂ ಕಳಿಸಿರಲೂ ಇಲ್ಲ. ಒಂದು ಮನೆಯವರು ಬೇಡವೆಂದರೆ ಇನ್ನೊಂದು ಮನೆಯನ್ನು ಕೇಳುತ್ತಿದ್ದರು. ಒಬ್ಬರಾದರೂ ಒಪ್ಪಿದರೆ ಸಾಕು ಎನ್ನುವವರೇ ಎಲ್ಲರೂ.

ಆ ನಾಡಿನಲ್ಲಿ ಒಬ್ಬ ಗಾಣಿಗನ ಮಗನಿದ್ದ. ಅವನ ತೋಳಿನಲ್ಲಿ ಬಲವಿತ್ತು, ಬೆರಳಿನಲ್ಲಿ ಬುದ್ಧಿಯಿತ್ತು. ಕುಂಟುವ ಎತ್ತಿನ ಕಾಲನ್ನು ಒಮ್ಮೆ ಸವರಿದರೆ ಸಾಕು, ನೋವಿರುವ ಜಾಗದಲ್ಲೇ ಅವನ ಬೆರಳು ನಿಲ್ಲುತ್ತಿತ್ತು. ಅವನು ಮೂಳೆ ಕೂಡಿಸುವುದನ್ನು ಕಲಿಯುತ್ತಾನಂತೆ ಎಂಬ ಸುದ್ದಿ ಅವನಿಗಿಂತ ಮೊದಲೇ ನಾಲ್ಕು ಮನೆಗಳನ್ನೂ ಮುಟ್ಟಿತ್ತು.

ಯಾವ ಮನೆಗೆ ವೀಳ್ಯ ಕಳಿಸುವುದು ಎಂದು ಅವನಿಗೆ ತೋಚಲಿಲ್ಲ. ಪೇಟೆಯ ಗುರುವಿಗೆ ಹೆಸರಿತ್ತು. ಗಣಿಯ ಗುರುವಿನ ಬಳಿ ಕೆಲಸ ಹೆಚ್ಚು. ದಾರಿ ಕೂಡುವಲ್ಲಿನ ಗುರು ಚೆನ್ನಾಗಿ ಹೇಳಿಕೊಡುತ್ತಾರೆ ಎನ್ನುತ್ತಿದ್ದರು. ಬೆಟ್ಟದ ಗುರುವಿನ ಕೈಗುಣ ಯಾರಿಗೂ ಇಲ್ಲ ಎನ್ನುತ್ತಿದ್ದರು. ಒಬ್ಬೊಬ್ಬರನ್ನು ಕೇಳಿದಾಗಲೂ ಒಂದೊಂದು ಮನೆ ದೊಡ್ಡದಾಗಿ ಕಾಣುತ್ತಿತ್ತು.

ಅವನ ಸೋದರಮಾವ ಇದನ್ನು ನೋಡಿ ನಕ್ಕ. “ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನೂ ನಾಲ್ಕು ರಾಶಿ ಮುಟ್ಟಿ ನೋಡುತ್ತಾನೆ. ನಿನಗ್ಯಾಕೋ ನಾಚಿಕೆ? ನಾಲ್ಕಕ್ಕೂ ಕಳಿಸು. ಒಲ್ಲೆ ಅಂದರೆ ನಮ್ಮ ಗಂಟೇನು ಹೋಯಿತು?”

“ನಾಲ್ವರೂ ಒಪ್ಪಿದರೆ, ಮಾವ?”

“ಒಪ್ಪಿದರೆ ನೀನೇ ರಾಜ. ಕಾಲ ಮೇಲೆ ಕಾಲು ಹಾಕಿ ಕೂತು ಆರಿಸು.”

ಅವನು ನಾಲ್ಕಕ್ಕೂ ಕಳಿಸಿದ. ನಾಲ್ವರೂ ಎಲೆ ಬಾಯಿಗಿಟ್ಟರು.

ಅವನು ರಾಜನಾಗಲಿಲ್ಲ. ಬೆಳಿಗ್ಗೆ ಎದ್ದಾಗ ಪೇಟೆಯೇ ಸರಿ ಎನಿಸುತ್ತಿತ್ತು. ಉಂಡು ಮಲಗಿದಾಗ ಗಣಿಗೆ ಹೋದರೆ ಬೇಗ ಕಲಿಯುತ್ತೇನೆ ಎನಿಸುತ್ತಿತ್ತು. ಗಾಣದ ಸುತ್ತ ಎತ್ತು ತಿರುಗಿದಂತೆ ಅವನ ಯೋಚನೆಯೂ ತಿರುಗಿತು. “ಒಂದು ಗುರುಮನೆ ಆರಿಸಲು ನಿನ್ನಿಂದ ಆಗುತ್ತಿಲ್ಲ. ನಾಳೆ ನಿನಗೆ ಹೆಣ್ಣು ನೋಡಲು ಹೊರಟರೆ ನನ್ನ ಗತಿಯೇನಪ್ಪ?” ಎಂದು ಅವನ ಅವ್ವ ಹಂಗಿಸಿದಳು. ಮಳೆಗಾಲದ ಮೊದಲ ಹನಿ ಬಿದ್ದಾಗ ಅವನು ಪೇಟೆಯ ಮನೆಗೆ ಹೋಗುವುದೆಂದು ಗಟ್ಟಿಮಾಡಿಕೊಂಡ.

ಉಳಿದ ಮೂರು ಮನೆಗಳಿಗೆ ಆಳು ಕಳಿಸಿದ. ಒಂದೊಂದು ತೆಂಗಿನಕಾಯಿ ಇಟ್ಟು, ಬರಲಾಗುತ್ತಿಲ್ಲ, ಕ್ಷಮಿಸಬೇಕು ಎಂದು ಹೇಳಿಸಿದ. ನೋಡಿದವರು ಹುಡುಗನ ನಡತೆಯನ್ನು ಮೆಚ್ಚಿದರು.

ಪೇಟೆಯಲ್ಲಿ ಅವನು ಚೆನ್ನಾಗಿ ಕಲಿತ. ಗುರುವಿಗೆ ವಯಸ್ಸಾದಂತೆ ಕೂಡಿಸುವ ಕೆಲಸ ಅವನ ಕೈಗೆ ಬಂತು. ಅವನದೇ ಹೆಸರು ಹೇಳಿಕೊಂಡು ಜನ ದೂರದಿಂದ ಬರತೊಡಗಿದರು. ಹಾಗೆ ಬಂದವರಲ್ಲಿ ಒಬ್ಬ ಜೇನು ತೆಗೆಯುವವನಿದ್ದ. ಬೆಟ್ಟದವನು.

ಗಾಣಿಗನ ಮಗ ಅವನ ಮುಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದ. ಮೂಳೆ ಸೊಟ್ಟಗೆ ಕೂಡಿ ಗಟ್ಟಿಯಾಗಿತ್ತು. ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ.

“ಇದನ್ನು ಕಟ್ಟಿದವನಿಗೆ ಕಣ್ಣಿರಲಿಲ್ಲವೇನಯ್ಯ?” ಎಂದ.

“ಕಣ್ಣಿತ್ತು ಸ್ವಾಮಿ. ಕೈ ಸಾಲಲಿಲ್ಲ.”

“ಅಂದರೆ?”

“ನಮ್ಮ ಬೆಟ್ಟದ ಅಜ್ಜ ಕಟ್ಟಿದ್ದು. ನಾನು ಬಂಡೆಯಿಂದ ಬಿದ್ದ ವರ್ಷ ಅವರು ಒಬ್ಬರೇ ಇದ್ದರು. ಎಳೆದು ಹಿಡಿಯುವವರಿಲ್ಲ. ನನ್ನ ಹೆಂಡತಿಗೇ ಹಿಡಿ ಅಂದರು. ನಾನು ಊರೆಲ್ಲ ಕೇಳುವಂತೆ ಕಿರುಚಿದೆ. ಅವಳು ಹೆದರಿ ಕೈಬಿಟ್ಟಳು. ಮತ್ತೆ ಹಿಡಿದಳು, ಮತ್ತೆ ಬಿಟ್ಟಳು. ಈಗಲೂ ಎಲ್ಲ ತನ್ನದೇ ತಪ್ಪು ಅಂತ ನನ್ನ ತಟ್ಟೆಗೆ ತುಪ್ಪ ಹೆಚ್ಚು ಬಡಿಸುತ್ತಾಳೆ. ನಾನೂ ಬೇಡ ಅನ್ನುವುದಿಲ್ಲ.”

ಅವನು ನಕ್ಕ. ಗಾಣಿಗನ ಮಗ ನಗಲಿಲ್ಲ.

“ಅಜ್ಜ ಶಿಷ್ಯನನ್ನು ಇಟ್ಟುಕೊಂಡಿರಲಿಲ್ಲವೇ?”

“ಗೊತ್ತುಮಾಡಿಕೊಂಡಿದ್ದರು ಸ್ವಾಮಿ. ಬಯಲಿನ ಕಡೆ ಗಾಣಿಗರ ಹುಡುಗನಂತೆ. ಅವನ ವೀಳ್ಯ ಬಂದ ದಿನ ಅಜ್ಜ ನಮಗೆಲ್ಲ ಬೆಲ್ಲ ಹಂಚಿದರು. ಅಂಥ ಕೈ ನಮ್ಮ ಬೆಟ್ಟಕ್ಕೆ ಬರುತ್ತದೆ ಅಂದರೆ ಸುಮ್ಮನೆಯೇ? ನಮ್ಮೂರಿನ ಕುರಿ ಮೇಯಿಸುವವನೊಬ್ಬನೂ ಕೇಳಿದ್ದ. ಮಂದ ಬುದ್ಧಿ, ಆದರೆ ಹಿಡಿದದ್ದನ್ನು ಬಿಡುವವನಲ್ಲ. ಈ ವರ್ಷ ಆಗುವುದಿಲ್ಲ ಅಂತ ಅಜ್ಜ ಅವನನ್ನು ಕಳಿಸಿಬಿಟ್ಟರು. ಅವನು ಕುರಿ ಹೊಡೆದುಕೊಂಡು ಎತ್ತಲೋ ಹೋದ. ಆಮೇಲೆ ಗಾಣಿಗರ ಹುಡುಗ ಬರುವುದಿಲ್ಲ ಅಂತ ಸುದ್ದಿ ಬಂತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಆ ಮಳೆಯಲ್ಲಿ ಹೊಸಬರು ಯಾರು ಬೆಟ್ಟ ಹತ್ತುತ್ತಾರೆ?”

ಗಾಣಿಗನ ಮಗ ತಲೆ ಬಗ್ಗಿಸಿ ಆ ಮುಂಗೈಯನ್ನೇ ಮತ್ತೆ ಸವರಿದ. ಜೇನು ತೆಗೆಯುವವನಿಗೆ ತಾನು ಯಾರನ್ನೋ ದೂರಿದಂತಾಯಿತು ಎನಿಸಿತು.

“ಆ ಹುಡುಗನೂ ಕೆಟ್ಟವನಲ್ಲ ಬಿಡಿ,” ಎಂದ. “ಬರುವುದಿಲ್ಲ ಅಂತ ಹೇಳಿಕಳಿಸಿದನಲ್ಲ. ತೆಂಗಿನಕಾಯಿ ಬೇರೆ ಕಳಿಸಿದ್ದ. ಎಷ್ಟೋ ಜನ ಅಷ್ಟೂ ಮಾಡುವುದಿಲ್ಲ.”

ಆಮೇಲೆ ತಾನು ಬಂದ ಕೆಲಸವನ್ನು ಕೇಳಿದ. “ಇದು ನೆಟ್ಟಗಾಗುತ್ತದೆಯೇ ಸ್ವಾಮಿ? ಹಗ್ಗ ಹಿಡಿದು ಇಳಿಯುವಷ್ಟಾದರೆ ಸಾಕು. ಬಂಡೆ ಇಳಿಯದೆ ನಮಗೆ ಜೇನಿಲ್ಲ. ಜೇನಿಲ್ಲದೆ ನಮಗೆ ಬೇರೆ ಕೆಲಸ ಗೊತ್ತಿಲ್ಲ.”

ಗಾಣಿಗನ ಮಗ ಒಳಗಿದ್ದ ತನ್ನ ಗುರುವನ್ನು ಕರೆದ. ಇಬ್ಬರೂ ಆ ಕೈಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು. ಮುರಿದು ಮತ್ತೆ ಕೂಡಿಸುವ ಕಾಲ ಮೀರಿತ್ತು. ಈಗ ಮುರಿದರೆ ಇರುವ ಕೈಯೂ ಹೋದೀತು. ಗುರು ತಲೆಯಾಡಿಸಿ ಒಳಗೆ ಹೋದರು. ಜೇನು ತೆಗೆಯುವವನು ತನ್ನ ಸೊಟ್ಟ ಕೈಯನ್ನು ನೋಡಿಕೊಂಡ. ಎಡಗೈಯಿಂದ ಗಾಣಿಗನ ಮಗನ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದ.

ಗಾಣಿಗನ ಮಗ ಕೂತಲ್ಲೇ ಕೂತಿದ್ದ. ನಡೆದದ್ದನ್ನು ಮೊದಲಿನಿಂದ ಒಂದೊಂದಾಗಿ ತೆಗೆದು ನೋಡಿದ. ವೀಳ್ಯ ಕಳಿಸಿದ್ದು ತಪ್ಪಲ್ಲ, ಯಾರೂ ಬೇಡವೆಂದಿರಲಿಲ್ಲ. ಒಂದು ಮನೆ ಆರಿಸಿದ್ದು ತಪ್ಪಲ್ಲ, ನಾಲ್ಕರಲ್ಲೂ ಒಬ್ಬನೇ ಇರಲಾಗದು. ತಡವಾದದ್ದು ಬೇಕೆಂದು ಮಾಡಿದ್ದಲ್ಲ. ಬರುವುದಿಲ್ಲ ಎಂದು ಹೇಳಿಸಿಯೂ ಇದ್ದ. ಯಾರಿಗೂ ಸುಳ್ಳಾಡಿರಲಿಲ್ಲ. ಎಲ್ಲ ಹೆಜ್ಜೆಯೂ ಸರಿಯಾಗಿತ್ತು. ಕೈ ಮಾತ್ರ ಸೊಟ್ಟಗಿತ್ತು. ಬೆಟ್ಟದಲ್ಲಿ ಜೇನು ತೆಗೆಯುವವರಿದ್ದಾರೆ, ಅವರು ಬಂಡೆಯಿಂದ ಬೀಳುತ್ತಾರೆ ಎಂಬುದು ಅವನಿಗೆ ಈ ದಿನದವರೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪೇ? ಅದೂ ಅವನಿಗೆ ತಿಳಿಯಲಿಲ್ಲ.

ಊರಿಗೆ ಹೋದಾಗ ಮಾವನಿಗೆ ಹೇಳಿದ. ಮಾವ ಬೈದ. “ಅವನು ಬಿದ್ದದ್ದು ಬೆಟ್ಟದಲ್ಲಿ. ನೀನಿದ್ದದ್ದು ಪೇಟೆಯಲ್ಲಿ. ಕೈಬಿಟ್ಟವಳು ಅವನ ಹೆಂಡತಿ. ಇದರಲ್ಲಿ ನೀನೆಲ್ಲಿ ಬಂದೆಯೋ?”

ಮಾವನ ಮಾತಿನಲ್ಲೂ ತಪ್ಪು ಕಾಣಲಿಲ್ಲ. ಆದರೆ ಅಂದಿನಿಂದ ಯಾರ ಕೈ ಹಿಡಿದರೂ, ನೆಟ್ಟಗಿರುವ ಮೂಳೆಯ ಮೇಲೂ ಅವನ ಬೆರಳು ತಡವರಿಸಿ ನಿಲ್ಲುತ್ತಿತ್ತು.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು.

“ಆಮೇಲೆ?” ಎಂದಳು ಇಂದುಮತಿ.

“ಕತೆ ಅಷ್ಟೇ.”

ಇಂದುಮತಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಅವಳಿಗೂ ಅವನ ತಪ್ಪು ಎಲ್ಲಿದೆ ಎಂದು ಸಿಗಲಿಲ್ಲ. ಸಿಗದಿದ್ದದ್ದು ಅವಳನ್ನು ಕಾಡಿತು.

“ಈಗಿನ ಕಾಲೇಜುಗಳು ಹಾಗಿಲ್ಲ, ಗುರುಗಳೇ,” ಎಂದಳು. “ಒಬ್ಬರು ಬಿಟ್ಟರೆ ಹಿಂದೆ ಕಾಯುತ್ತಿರುವವರನ್ನು ಕರೆಯುತ್ತಾರೆ. ಜಾಗ ಖಾಲಿ ಉಳಿಯುವುದಿಲ್ಲ.”

“ಒಳ್ಳೆಯದೇ ಆಯಿತು.”

“ಹಾಗಾದರೆ ನಾನು ಎಲ್ಲಕ್ಕೂ ಹಾಕಬಹುದೇ? ಇಲ್ಲ, ಒಂದಕ್ಕೇ ಹಾಕಿ ಅಲ್ಲಿ ಸಿಗದಿದ್ದರೆ ಸುಮ್ಮನೆ ಕೂರಬೇಕೇ? ಎಷ್ಟಕ್ಕೆ ಹಾಕಲಿ, ಅದನ್ನಾದರೂ ಹೇಳಿ.”

ಗುರುಗಳು ಹೇಳಿದರು: “ಕರೆದ ಮೇಲೆ ನೀನು ಹೋಗದಿದ್ದರೆ ಯಾರ ಮೂಳೆ ಸೊಟ್ಟಗೆ ಕೂಡುತ್ತದೆ ಎಂದು ನಿನಗೆ ಗೊತ್ತಿರುವ ಕಡೆಗೆಲ್ಲ ಹಾಕು, ತಾಯಿ.”