ಮೂರನೇ ಸಲ ಬಿದ್ದ ಹೂವು

ಕುಂಬಾರ ಮುದ್ದಪ್ಪನ ಅಂಗಳದಲ್ಲಿ ಇನ್ನೂರು ಹಸಿ ಗಡಿಗೆ ಒಣಗಿ ಕೂತಿದ್ದವು. ಗಂಡ ಹೆಂಡತಿ ಎರಡು ತಿಂಗಳು ಮಣ್ಣು ತುಳಿದು ಮಾಡಿದ್ದು. ಇನ್ನು ಬಯಲಿನ ಆವಿಗೆಯಲ್ಲಿ ಜೋಡಿಸಿ ಸುಡುವುದೊಂದೇ ಬಾಕಿ. ನಾಡಿದ್ದು ಸಂತೆ. ಆದರೆ ಆಕಾಶದಲ್ಲಿ ಮೋಡ, ಥೇಟ್ ಮೇಷ್ಟ್ರ ಮುಖದ ಹಾಗೆ. ಬೈತಾರೋ ಬಿಡ್ತಾರೋ ಗೊತ್ತೇ ಆಗಲ್ಲ.

ಹೆಂಡತಿ ಹನುಮಕ್ಕ ಅಂದಳು, "ಗಾಳಿ ತಣ್ಣಗೈತೆ. ಇವತ್ತು ಬೆಂಕಿ ಬೇಡ. ಗಡಿಗೆ ಎಲ್ಲಾ ಒಳಗಿಡಾಣ."

"ಇನ್ನೂರು ಗಡಿಗೆ ಹೊರಾಕೆ ನಿಮ್ಮಣ್ಣ ಬರ್ತಾನಾ? ಸಂತೆ ತಪ್ಪಿದ್ರೆ?"

"ಒಂದು ಸಂತೆ ತಪ್ಪುತ್ತೆ. ಮಳೆ ಬಂದ್ರೆ ಎರಡು ತಿಂಗಳು ಹೋಗುತ್ತೆ."

"ಬರದಿದ್ರೆ?"

ಮುದ್ದಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಊರಮ್ಮನ ಗುಡಿಗೆ ಹೋದ, ಹೂ ಕೇಳೋದಕ್ಕೆ. ಅಮ್ಮನ ಬಲಗಡೆ ಹೂ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಉಹೂಂ.

ಪೂಜಾರಿ ತಿಪ್ಪಣ್ಣ ಅಮ್ಮನ ಮೂರ್ತಿಗೆ ಹೂ ಅಂಟಿಸಿದ. "ಇವತ್ತು ಬೆಂಕಿ ಇಡ್ಲಾ ತಾಯಿ?" ಅಂತ ಮುದ್ದಪ್ಪ ಕೈಮುಗಿದ. ಎಡಗಡೆ ಬಿತ್ತು.

"ತಾಯಿಗೆ ಸರಿಯಾಗಿ ಕೇಳಿಸಿಲ್ಲ ಅನ್ಸುತ್ತೆ. ಇನ್ನೊಂದು ಸಲ ನೋಡಣ್ಣ."

ಮತ್ತೆ ಎಡಗಡೆ.

"ಹೂವೇ ಬಾಡೈತೆ. ಬೇರೆ ಇಡು."

ತಿಪ್ಪಣ್ಣ ನಗು ನುಂಗಿಕೊಂಡು ಹೊಸ ಹೂ ಇಟ್ಟ. ಅಷ್ಟರಲ್ಲಿ ಗುಡಿಯ ಬಾಗಿಲು ದಡಾರನೆ ಬಡಿಯಿತು. ತಣ್ಣನೆ ಗಾಳಿ ಒಳಗೆ ನುಗ್ಗಿ ದೀಪ ಆರಿಸಿತು. ಹೂ ಬಲಗಡೆ ಬಿತ್ತು.

ಮುದ್ದಪ್ಪ ಹೂವನ್ನು ಕಣ್ಣಿಗೊತ್ತಿಕೊಂಡು ಓಡಿದ. ಗಾಳಿಯ ಕಡೆ ನೋಡಲೇ ಇಲ್ಲ. ಒಳಗಿಡೋದಕ್ಕೆ ಭಾರವಾಗಿದ್ದ ಅದೇ ಇನ್ನೂರು ಗಡಿಗೆಯನ್ನು ಬಯಲಿಗೆ ಹೊತ್ತ. ಜೋಡಿಸಿ ಬೆಂಕಿ ಇಟ್ಟ.

ಸಂಜೆಗೆ ಮಳೆ ಹೊಡೆಯಿತು. ಕಾದ ಗಡಿಗೆಗಳು ಪಟಪಟನೆ ಸಿಡಿದವು. ಹಸಿ ಗಡಿಗೆ ನೆನೆದಿದ್ದರೆ ಮತ್ತೆ ಮಣ್ಣಾದರೂ ಆಗುತ್ತಿತ್ತು. ಅರೆಬೆಂದ ಚೂರು ಗಡಿಗೆಯೂ ಅಲ್ಲ, ಮಣ್ಣೂ ಅಲ್ಲ.

"ಊರಮ್ಮ ಮೋಸ ಮಾಡಿದ್ಲು" ಅಂತ ಮುದ್ದಪ್ಪ ಕುಸಿದು ಕೂತ.

ಹನುಮಕ್ಕ ಬೈಯಲಿಲ್ಲ. ಸೆರಗಿನಿಂದ ಅವನ ತಲೆ ಒರೆಸಿದಳು. "ತಿಪ್ಪಣ್ಣ ಎಲ್ಲಾ ಹೇಳ್ದ. ಎರಡು ಸಲ ಬೇಡ ಅಂದ್ಲಂತೆ. ಮೂರನೇ ಸಲ ಗಾಳಿನೇ ಕಳಿಸಿದ್ಲಂತೆ. ಇನ್ನೇನು, ಕೊಡೆ ಹಿಡ್ಕೊಂಡು ನಮ್ಮನೆಗೇ ಬರಬೇಕಿತ್ತಾ?"

ಮುದ್ದಪ್ಪ ಒಂದು ಚೂರು ಎತ್ತಿ ನೋಡಿದ. "ನಂಗೆ ಭಯ ಆಗಿತ್ತು ಕಣೇ" ಅಂದ.

"ನಂಗೂ ಆಗಿತ್ತು."

ಬೆಳಗ್ಗೆ ಇಬ್ಬರೂ ಬುಟ್ಟಿ ಹಿಡಿದು ಕೆರೆಗೆ ಹೋದರು, ಮಣ್ಣು ತರೋದಕ್ಕೆ.

ಮುದ್ದಪ್ಪನ್ನ ನೋಡಿ ನಗಬೇಡಿ. ಓದೋದಾ ಆಡೋದಾ ಅಂತ ನಾಣ್ಯ ಚಿಮ್ಮಿ, ಆಟ ಬೀಳೋವರೆಗೂ ಚಿಮ್ಮೋರು ನಾವೇ.

ನೀತಿ: ಮುಂದೇನಾಗುತ್ತೋ ಗೊತ್ತಿಲ್ಲದಾಗ ಎಲ್ಲರಿಗೂ ಭಯ ಆಗುತ್ತೆ. ಹೆದರಿದ ಮನಸ್ಸು ಉತ್ತರ ಹುಡುಕಲ್ಲ, ತನಗೆ ಬೇಕಾದ ಉತ್ತರ ಸಿಗೋವರೆಗೂ ಕೇಳ್ತಾನೇ ಇರುತ್ತೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿಕೊಂಡು, ಸಣ್ಣ ನಷ್ಟ ತಡೆದುಕೊಂಡವರ ಗಡಿಗೆ ಉಳಿಯುತ್ತೆ.